ಬೀಗಿತ್ತಿಯೊಡನೆ ಕಡಲೂರುಗಳಲ್ಲಿ

ಮೇ 3, ಭಾನುವಾರ, ಪ್ಲೇನೋ, ಟೆಕ್ಸಸ್

ಗಂಡನ ಹೆಸರನ್ನು ಬಾಯಲ್ಲಿ ಹೇಳಬಾರದು ಎನ್ನುತ್ತಿದ್ದರು ನಮ್ಮಜ್ಜಿ. ಬರೆಯಬಾರದು ಎಂದಿರಲಿಲ್ಲ. ಆದ್ದರಿಂದ ಬರೆಯುತ್ತೇನೆ: ನಂಜುಂಡಸ್ವಾಮಿಯವರಿಗೆ ನನ್ನ ಸಂಕಟ ಅರ್ಥವಾಗುವುದಿಲ್ಲ. ಏನು ಹೇಳಿದರೂ "ಹೋಗ್ಲಿ ಬಿಡು" ಅನ್ನುತ್ತಾರೆ. ಹೋಗಲಿ ಎಂದು ಬಿಡಲು ಇದೇನು ಬಸ್ಸೇ?

ವಿಷಯ ಇಷ್ಟು. ನಮ್ಮ ಅನಘಾಗೆ ಆಗಸ್ಟ್‌ನಲ್ಲಿ ಹೆರಿಗೆ, ಚೊಚ್ಚಲು. ಚೊಚ್ಚಲ ಬಾಣಂತನ ತವರಿನದು, ಅದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಒಣಶುಂಠಿ, ಓಮ, ಸಾಂಬ್ರಾಣಿ ಎಲ್ಲವನ್ನೂ ಮೈಸೂರಿನಿಂದ ತರಿಸಿಟ್ಟಿದ್ದೇನೆ. ಅವಳು ಆಸ್ಟಿನ್ ಬಿಟ್ಟು ಇಲ್ಲಿಗೆ ಬರದಿದ್ದರೆ ನಾನೇ ಅಲ್ಲಿಗೆ ಹೋಗುವುದೆಂದು ಮನಸ್ಸಿನಲ್ಲೇ ಗಂಟುಮೂಟೆ ಕಟ್ಟಿಯಾಗಿತ್ತು. ಇವತ್ತು ಬೆಳಿಗ್ಗೆ ಫೋನಿನಲ್ಲಿ ಮೆಂತ್ಯದ ಸೊಪ್ಪಿನ ವಿಷಯ ಮಾತಾಡುತ್ತ ಆಡುತ್ತಲೇ ಮಗಳು ಹೇಳಿಬಿಟ್ಟಳು, ಮೊದಲ ಎರಡು ತಿಂಗಳು ಅತ್ತೆ ಬರುತ್ತಾರಂತೆ, ನಾನು ಆಮೇಲೆ ಬರಬೇಕಂತೆ. "ಇಟ್ಸ್ ನಾಟ್ ಅ ಬಿಗ್ ಡೀಲ್, ಅಮ್ಮ" ಎಂದಳು.

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಇವಳು ಹುಟ್ಟಿದಾಗ ನನ್ನ ಅಮ್ಮನಿಗೆ ವೀಸಾ ಸಿಗಲಿಲ್ಲ. ಅರ್ವಿಂಗ್‌ನ ಅಪಾರ್ಟ್‌ಮೆಂಟಿನಲ್ಲಿ ಐದನೆಯ ದಿನ ನಾನೇ ಎದ್ದು ಕುಕ್ಕರ್ ಇಟ್ಟೆ. ನನಗೆ ಆಗದ್ದನ್ನೆಲ್ಲ ಮಗಳಿಗೆ ಮಾಡಬೇಕೆಂದು ಮೂವತ್ತು ವರ್ಷ ಕಾದಿದ್ದೇನೆ. ಅವಳ ಮೇಲೆ ನನಗಿಂತ ಹೆಚ್ಚು ಪ್ರಾಣ ಇಟ್ಟುಕೊಂಡವರು ಯಾರಿದ್ದಾರೆ? ಮೂರನೆಯ ಕ್ಲಾಸಿನಲ್ಲಿ ಅವಳು ಕೈ ಮುರಿದುಕೊಂಡಾಗ ನಾನು ಆಸ್ಪತ್ರೆಯಲ್ಲಿ ಅತ್ತ ಅಳುವಿಗೆ ನರ್ಸ್ ನನ್ನನ್ನೇ ಕೂರಿಸಿ ಜ್ಯೂಸ್ ಕುಡಿಸಿದ್ದಳು. ಪಾಪ, ಮಗುವೇ ಇನ್ನೊಂದು ಕೈಯಲ್ಲಿ ನನ್ನ ಬೆನ್ನು ಸವರಿತ್ತು. ತಾಯಿಕರುಳು ಅಂದರೆ ಅದು.

ಮೇ 5, ಮಂಗಳವಾರ

ಗಾಯದ ಮೇಲೆ ಬರೆ. ಮಗು ಬರುವ ಮುಂಚೆ ಒಂದು ವಾರ ಇಂಗ್ಲೆಂಡಿನ ಸದ್ದುಗದ್ದಲವಿಲ್ಲದ ಕಡಲೂರುಗಳನ್ನು ನೋಡಿ ಬರಲು ಮಕ್ಕಳು ಎಲ್ಲ ಬುಕ್ ಮಾಡಿಕೊಂಡಿದ್ದರು. ಅನಘಾಳ ಬಿಪಿ ಸ್ವಲ್ಪ ಏರಿದೆ, ಈಗ ವಿಮಾನ ಬೇಡ ಎಂದರಂತೆ ಡಾಕ್ಟರು. ಬಿಪಿ ಎಂದ ಕೂಡಲೇ ನಾನು ಮೂರು ಸಲ ಫೋನ್ ಮಾಡಿದೆ. ಮೂರನೆಯ ಸಲ ತೆಗೆಯಲಿಲ್ಲ. ರೂಮುಗಳು ಕ್ಯಾನ್ಸಲ್ ಆಗುವುದಿಲ್ಲವಾದ್ದರಿಂದ ಅಳಿಯ ಅಮರ್‌ಗೆ ಒಂದು ಉಪಾಯ ಹೊಳೆಯಿತು, ಅಮ್ಮಂದಿರಿಬ್ಬರೂ ಹೋಗಿಬರಲಿ ಎಂದು. ಅಂದರೆ ನಾನು ಮತ್ತು ಅವನ ತಾಯಿ, ಹ್ಯೂಸ್ಟನ್ ಪಕ್ಕದ ಕ್ಲಿಯರ್ ಲೇಕಿನ ಬೀಗಿತ್ತಿಯವರು.

ಸುತರಾಂ ಆಗುವುದಿಲ್ಲ ಎಂದೆ. ನಂಜುಂಡಸ್ವಾಮಿಯವರು ಮೊದಲ ಊರಿನ ಹೆಸರು ನೋಡಿ, "ಡೀಲ್ ಅಂತೆ ಕಣೆ. ಬಿಗ್ ಅಲ್ಲ, ಬರೀ ಡೀಲ್" ಎಂದು ತಾವೇ ನಕ್ಕರು. ವಾರವೆಲ್ಲ ಈ ನಗು ಕೇಳುವುದಕ್ಕಿಂತ ಬೀಗಿತ್ತಿಯೇ ವಾಸಿ ಎನ್ನಿಸಿತು. ಇನ್ನೊಂದು ಆಲೋಚನೆಯೂ ಇದೆ. ಏಳು ದಿನ ಒಟ್ಟಿಗಿದ್ದರೆ ಆ ಬಾಣಂತನವನ್ನು ಅವರ ಬಾಯಿಂದಲೇ ಬಿಡಿಸಿಕೊಳ್ಳಬಹುದು.

ಮೇ 8, ಶುಕ್ರವಾರ

ಬೀಗಿತ್ತಿಯವರು ಬಂದಿಳಿದರು. ಬೀಗರು ಶಿವಪುತ್ರಪ್ಪನವರೇ ಹ್ಯೂಸ್ಟನ್‌ನಿಂದ ಡ್ರೈವ್ ಮಾಡಿಕೊಂಡು ಬಂದು ಬಿಟ್ಟುಹೋದರು. ಸೂಟ್‌ಕೇಸಿನ ಅರ್ಧದಷ್ಟು ಜೋಳದ ಕಡಕ್ ರೊಟ್ಟಿ, ಶೇಂಗಾ ಚಟ್ನಿ. ತುಪ್ಪದ ಡಬ್ಬಿಯನ್ನು ಲಂಡನ್ನಿನಲ್ಲಿ ಬಿಡುವುದಿಲ್ಲ ಎಂದು ನಾನು ತೆಗೆಸಿದೆ. ಬೇರೆ ಮಾತಿಲ್ಲದೆ ಕೊಟ್ಟರು. ನನಗಿಂತ ಎರಡು ವರ್ಷ ಚಿಕ್ಕವರು, ಆದರೆ ಮುಖದಲ್ಲಿ ಊರ ಯಜಮಾನಿಯ ಗತ್ತು.

ಮಾತು ಕಡಿಮೆಯೇ ಆಯಿತು. ಕಳೆದ ಸಂಕ್ರಾಂತಿಗೆ ಊಟಕ್ಕೆ ಕರೆದಿದ್ದೆ, "ಈಗ ನನಗ ಆರಾಮಿಲ್ರಿ, ಮುಂದ ನೋಡೋಣು" ಎಂದುಬಿಟ್ಟಿದ್ದರು. ಆಮೇಲೂ ಏನೋ ಹೇಳಲು ಹೊರಟಿದ್ದರು, ನಾನು ಬಿಡಲಿಲ್ಲ. "ಯಾರಿಗೆ ತಾನೇ ಆರಾಮ ಇದೆ ಹೇಳಿ" ಎಂದು ತಿರುಗೇಟು ಕೊಟ್ಟು ಫೋನಿಟ್ಟೆ. ಎಳ್ಳು ಬೀರುವುದಕ್ಕೆ ಬರಲು ಇವರಿಗೆ ಪುರುಸೊತ್ತಿಲ್ಲ, ಬಾಣಂತನಕ್ಕಾದರೆ ಎರಡು ತಿಂಗಳು ಪುರುಸೊತ್ತಾಗುತ್ತದೆ.

ಮೇ 10, ಭಾನುವಾರ, ಡೀಲ್

ಬೆಳಿಗ್ಗೆ ವಿಮಾನ ಇಳಿದು, ರೈಲು ಹಿಡಿದು, ಮಧ್ಯಾಹ್ನಕ್ಕೆ ಡೀಲ್ ಸೇರಿದೆವು. ನಾನು ಮರಳು ಇರುತ್ತದೆ ಎಂದುಕೊಂಡಿದ್ದೆ. ಇಲ್ಲಿ ಕಡಲತೀರವೆಂದರೆ ಬರೀ ಉರುಟು ಕಲ್ಲು, ಹೆಜ್ಜೆಯಿಟ್ಟರೆ ಹುರಿಗಡಲೆ ಜಗಿದ ಸದ್ದು. ಪ್ಲೇನೋದಲ್ಲಿ ಈ ತಿಂಗಳಿಗೆಲ್ಲ ಕಾರಿನ ಸ್ಟೀರಿಂಗ್ ಮುಟ್ಟಲಾಗದಷ್ಟು ಬಿಸಿಲು. ಇಲ್ಲಿ ಜನ ಸ್ವೆಟರ್ ತೊಟ್ಟು ಐಸ್‌ಕ್ರೀಮ್ ತಿನ್ನುತ್ತಾರೆ. ಏನು ಹೇಳಿದರೂ "ಲವ್ಲಿ" ಎನ್ನುತ್ತಾರೆ. ಬೀಗಿತ್ತಿಯವರ ಸೂಟ್‌ಕೇಸಿನ ಚಕ್ರ ಕಳಚಿತು ಎಂದಾಗಲೂ ರೂಮಿನ ಯಜಮಾನಿ "ಲವ್ಲಿ" ಎಂದೇ ಶುರು ಮಾಡಿದಳು.

ಇವತ್ತು ಅಮೆರಿಕದಲ್ಲಿ ತಾಯಂದಿರ ದಿನ. ಅನಘಾ ಇಬ್ಬರಿಗೂ ಮೆಸೇಜ್ ಕಳಿಸಿದ್ದಾಳೆ. ಬೀಗಿತ್ತಿಯವರು ಮುಖ ತೊಳೆಯಲು ಹೋದಾಗ ಅವರ ಫೋನಿನ ಮೇಲೆ ಕಣ್ಣು ಹಾಯಿಸಿದೆ. ಅವರಿಗೆ ಮೂರು ಹೃದಯ, ನನಗೂ ಮೂರೇ. ನಾಚಿಕೆಯಾಯಿತು, ಆದರೂ ಸಮಾಧಾನವೂ ಆಯಿತು.

ಮೇ 11, ಸೋಮವಾರ, ಡೀಲ್

ಸಮುದ್ರದೊಳಕ್ಕೆ ಕಟ್ಟಿದ ಉದ್ದದ ಪಿಯರ್ ಮೇಲೆ ನಡೆದೆವು. ಕೊನೆಯಲ್ಲಿ ಕೂತು ರೊಟ್ಟಿ ತೆಗೆದದ್ದೇ ತಡ, ಒಂದು ಕಡಲಹಕ್ಕಿ ಬಂದು ಬೀಗಿತ್ತಿಯವರ ಕೈಯಿಂದ ಇಡೀ ರೊಟ್ಟಿ ಕಿತ್ತುಕೊಂಡು ಹೋಯಿತು. ಕಂಬದ ಮೇಲೆ ಕೂತು ಕುಟ್ಟಿತು, ಕುಟ್ಟಿತು. ರೊಟ್ಟಿ ಮುರಿಯಲಿಲ್ಲ. ಕಡೆಗೆ ಸಮುದ್ರಕ್ಕೆ ಒಗೆದು ನಮ್ಮನ್ನೇ ದುರುಗುಟ್ಟಿ ನೋಡಿತು. ನಾನು ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. "ಕಡಕ್ ರೊಟ್ಟಿ ಅಂದ್ರ ಅದಕ್ಕೇನ್ ತಿಳಿತದ್ರಿ" ಎಂದು ಅವರೂ ನಕ್ಕರು. ಆಮೇಲೆ ಕೈಗಳನ್ನು ಶಾಲಿನೊಳಗೆ ಸೇರಿಸಿಕೊಂಡರು. ಚಳಿ ಇರಬೇಕು.

ಮೇ 12, ಮಂಗಳವಾರ

ನಾಲ್ಕು ರೈಲು ಬದಲಿಸಿ ಫ್ರಿಂಟನ್‌ಗೆ ಬಂದೆವು. ದಾರಿಯಲ್ಲಿ ಬಾಣಂತನದ ಮಾತೆತ್ತಿದೆ. ಬೀಗಿತ್ತಿ ಶಿವಬಸವ್ವನವರು ಕಿಟಕಿಯಾಚೆ ನೋಡುತ್ತ "ನೋಡೋಣ್ರಿ" ಎಂದರು. ಬಿಟ್ಟುಕೊಡುವ ಹೆಂಗಸಲ್ಲ.

ಮೇ 13, ಬುಧವಾರ, ಫ್ರಿಂಟನ್

ಇಲ್ಲಿ ಹುಲ್ಲುಹಾಸಿನ ಕೆಳಗೆ, ಕಡಲಿಗೆ ಮುಖ ಮಾಡಿ, ಮರದ ಪುಟ್ಟ ಗುಡಿಸಲುಗಳ ಸಾಲು. ಮಲಗುವುದಕ್ಕಲ್ಲ, ಬರೀ ಕೂತು ಟೀ ಕುಡಿಯುವುದಕ್ಕೆ. ನಮ್ಮ ಕಾರ್ ಗ್ಯಾರೇಜಿನಲ್ಲಿ ಇಂಥವು ನಾಲ್ಕು ಹಿಡಿಯುತ್ತವೆ. ಒಂದು ಗುಡಿಸಲಿನ ಮುದುಕಿ ನಮ್ಮ ಸೀರೆ ನೋಡಿ ಕರೆದು, ಮಗ್ ತುಂಬ ಟೀ ಕೊಟ್ಟಳು. ಶಿವಬಸವ್ವನವರು ಕೈ ಚಾಚಲೇ ಇಲ್ಲ. ಆಯಮ್ಮ ಮಗ್ ಹಿಡಿದುಕೊಂಡು ನಿಂತೇ ಇದ್ದಾಳೆ. ನನಗೆ ಮುಜುಗರವಾಗಿ "ತೊಗೊಳ್ಳಿ, ಏನಂದ್ಕೊಳ್ತಾರೆ" ಎಂದು ಗದರಿದೆ. ಎರಡೂ ಕೈಯಲ್ಲಿ ಹಿಡಿದರು. ಮಗ್ ಗಡಗಡ ನಡುಗಿ ಅರ್ಧ ಟೀ ಅವರ ಮಡಿಲಿಗೆ ಬಿತ್ತು.

ಮುದುಕಿ ಒಳಗೆ ಟವೆಲ್ ತರಲು ಹೋದಳು. ಶಿವಬಸವ್ವನವರು ತಲೆ ತಗ್ಗಿಸಿ ಹೇಳಿದರು:

"ಆರಾಮಿಲ್ಲ ಅಂತ ನಿಮಗ ಸಂಕ್ರಾಂತಿಗೇ ಹೇಳಿದ್ನೆಲ್ರಿ."

"ಪುರುಸೊತ್ತಿಲ್ಲ ಅಂದ್ರಿ ನೀವು."

"ಪುರುಸೊತ್ತು ಎಲ್ಲಿಂದ ಬಂತ್ರಿ? ಆರಾಮಿಲ್ಲ ಅಂದ್ರ ಜಡ್ಡು. ಕೈ ನಡಗತಾವ್ರಿ. ಆರು ತಿಂಗಳಾತು. ಮನಿಯವರಿಗೂ ಹೇಳಿಲ್ಲ, ಅಮರ್‌ಗೂ ಹೇಳಿಲ್ಲ. ಹೆಣ್ಣಮಕ್ಕಳಿಗೆ ತಿಳಿತದ ಅಂತ ಮೊದಲ ನಿಮಗ ಹೇಳಾಕ ಹೋಗಿದ್ನಿ."

ನಾನು ಏನು ಉತ್ತರ ಕೊಟ್ಟಿದ್ದೆನೆಂದು ನೆನಪಾಗಿ, ಆ ಗುಡಿಸಲುಗಳ ನಡುವೆ ಎಲ್ಲಾದರೂ ಹುದುಗಿಕೊಳ್ಳೋಣ ಎನ್ನಿಸಿತು. ನಮ್ಮ ಕಡೆ ಅದಕ್ಕೆ ಹುಷಾರಿಲ್ಲ ಎನ್ನುತ್ತಾರೆ ಎಂದು ತೊದಲಿದೆ. ಅದಕ್ಕೆ ಅವರು ತಲೆಯೆತ್ತಿ ನೋಡಿದರು. ಅವರ ಕಡೆ ಹುಷಾರು ಎಂದರೆ ಜಾಣತನವಂತೆ. ಮದುವೆಯಾದ ಹೊಸದರಲ್ಲಿ ನಾನು ಫೋನ್ ಮಾಡಿ "ಅನಘಾಗೆ ಹುಷಾರಿಲ್ಲ, ಸ್ವಲ್ಪ ನೋಡ್ಕೊಳ್ಳಿ" ಎಂದಿದ್ದೆನಂತೆ. ಇಷ್ಟೆಲ್ಲ ಓದಿದ ಮಗಳನ್ನು ಹೆತ್ತ ತಾಯಿಯೇ ದಡ್ಡಿ ಎನ್ನುತ್ತಾಳಲ್ಲ ಎಂದು ಅವರು ಎರಡು ದಿನ ನೊಂದುಕೊಂಡಿದ್ದರಂತೆ. ನಾವಿಬ್ಬರೂ ನಗುತ್ತಿರುವಾಗ ಮುದುಕಿ ಟವೆಲ್ ತಂದು, ಏನೆಂದು ಕೇಳದೆ, "ಲವ್ಲಿ" ಎಂದಳು.

ಅವರಿಗೆ ಟೀ ಚೆಲ್ಲುವ ಭಯವಲ್ಲ. ಕೂಸಿಗೆ ಎಣ್ಣೆ ಹಚ್ಚಿ ನೀರು ಹಾಕುವಾಗ ಕೈ ಜಾರಿದರೆ ಎಂಬ ಭಯ. ಸೊಸೆ ಬಾಯಿಬಿಟ್ಟು ಕೇಳಿದ್ದಾಳೆ, ಇಲ್ಲ ಎನ್ನಲಾರರು. ಡಾಕ್ಟರು ಏನೆನ್ನುತ್ತಾರೋ ಎಂದು ತೋರಿಸಿಯೂ ಇಲ್ಲ.

ಮೇ 14, ಗುರುವಾರ, ಫ್ರಿಂಟನ್

ಊರಿಗೆ ಬಂದವಳು ನೀರಿಗೆ ಬರದೆ ಇರುತ್ತಾಳೆಯೇ. ಸೀರೆ ಎತ್ತಿ ಕಟ್ಟಿಕೊಂಡು ಮೊಣಕಾಲುದ್ದ ನೀರಿಗೆ ಹೋಗಿಯೇಬಿಟ್ಟಳು ಶಿವಬಸವ್ವ. ಅಲೆ ಜೋರಾದಾಗ ನಾನು ದಡದಿಂದ "ಬಾರೇ ಈಚೆ" ಎಂದು ಕೂಗಿದೆನಂತೆ. ಅವಳು ಹಾಗೆ ಹೇಳುತ್ತಾಳೆ. ನನಗೇನೂ ನೆನಪಿಲ್ಲ. ಪಾದ ಒರೆಸಿಕೊಳ್ಳಲು ನನ್ನ ಶಾಲು ಕೊಟ್ಟೆ, ಪೂರ್ತಿ ಒದ್ದೆ ಮಾಡಿಟ್ಟಿದ್ದಾಳೆ.

ಮೇ 15, ಶುಕ್ರವಾರ, ಶೆರಿಂಗಮ್

ಮೂರನೆಯ ಊರು. ಗಾಳಿ ಎಂದರೆ ಗಾಳಿ. ಇಲ್ಲಿನ ವಯಸ್ಸಾದವರು ಕಡಲಿಗೆ ಎದುರಾಗಿ ಕಾರು ನಿಲ್ಲಿಸಿ, ಗಾಜು ಏರಿಸಿಕೊಂಡು, ಒಳಗೇ ಕೂತು ಆಲೂಗಡ್ಡೆ ಕರಿದದ್ದು ತಿನ್ನುತ್ತ ಸಮುದ್ರ ನೋಡುತ್ತಾರೆ. ಇದೊಂದರಲ್ಲಿ ಅವರಿಗೂ ಟೆಕ್ಸಸ್‌ನವರಿಗೂ ವ್ಯತ್ಯಾಸವಿಲ್ಲ.

ತಡೆಗೋಡೆಯ ಪಕ್ಕದ ಬೆಂಚಿನ ಮೇಲೆ ಶಿವಬಸವ್ವ ತಾನಾಗಿಯೇ ಹೇಳಿದಳು. ಆಸ್ಟಿನ್ನಿಗೆ ನೀವೇ ಹೋಗಿ, ನನಗೆ ಆಗುವುದಿಲ್ಲವೆಂದು ನಾನು ಹೇಳಿಬಿಡುತ್ತೇನೆ ಎಂದು. ಯಾವುದಕ್ಕಾಗಿ ಈ ಪ್ರಯಾಣ ಹೊರಟಿದ್ದೆನೋ ಅದು ತಾನೇ ಬಂದು ಮಡಿಲಿಗೆ ಬಿತ್ತು. ಕುಣಿಯುವಷ್ಟು ಸಂತೋಷವಾಯಿತು, ಸುಳ್ಳು ಯಾಕೆ ಬರೆಯಲಿ. ಅಲ್ಲಿಗೇ ಸುಮ್ಮನಿರಬಾರದಿತ್ತೇ ನಾನು? ಅಷ್ಟಕ್ಕೂ ಅನಘಾ ನಿಮ್ಮನ್ನೇ ಯಾಕೆ ಕೇಳಿದಳು ಎಂದೆ. ಶಿವಬಸವ್ವ ಮಾತು ಮರೆಸಲು ನೋಡಿದಳು. ನಾನು ಪಟ್ಟು ಬಿಡಲಿಲ್ಲ.

"ಸಿಟ್ಟಾಗಬ್ಯಾಡ್ರಿ. ಅಮ್ಮ ಬಂದ್ರ ನಾ ಅಮ್ಮನ್ನ ನೋಡ್ಕೋಬೇಕಾಗ್ತದ, ಈಗ ನನ್ನ ಕೈಲೆ ಆಗೂದಿಲ್ಲ ಅತ್ತಿ, ಅಂದಳ್ರಿ. ಹಂಗಂತ ಹೇಳಿ ಅತ್ತಳು."

ನಾನು ಎದ್ದು ಹೊರಟೆ. ಗೋಡೆಯುದ್ದಕ್ಕೂ ಊರ ಕೊನೆಯವರೆಗೆ ನಡೆದೆ. ಮೊದಲು ಮಗಳ ಮೇಲೆ ಸಿಟ್ಟು. ಆಮೇಲೆ ಹೇಳಿದವಳ ಮೇಲೆ. ಆಮೇಲೆ ಸಿಟ್ಟಿಗೆ ಯಾರೂ ಉಳಿಯಲಿಲ್ಲ. ಒಂಬತ್ತು ವರ್ಷದ ಹುಡುಗಿ, ಒಂದು ಕೈಗೆ ಇನ್ನೂ ಪಟ್ಟಿ ಕಟ್ಟಿಲ್ಲ, ಇನ್ನೊಂದು ಕೈ ನನ್ನ ಬೆನ್ನ ಮೇಲೆ. ಜ್ಯೂಸ್ ಅವಳಿಗೆ ಯಾರಾದರೂ ಕೊಟ್ಟರೋ ಇಲ್ಲವೋ ನನಗೆ ಗೊತ್ತಿಲ್ಲ. ಇಷ್ಟು ವರ್ಷ ಅದನ್ನು ನಾನು ಎಲ್ಲರಿಗೂ ಹೆಮ್ಮೆಯಿಂದ ಹೇಳಿಕೊಂಡು ಬಂದಿದ್ದೇನೆ. ಎಷ್ಟೋ ಹೊತ್ತು ಅಲ್ಲೇ ಕೂತಿದ್ದೆ. ಬಹಳ ನೋವಾಯಿತು, ಈಗಲೂ ಆಗುತ್ತಿದೆ.

ತಿರುಗಿ ಬಂದಾಗ ಶಿವಬಸವ್ವ ಅದೇ ಬೆಂಚಿನ ಮೇಲಿದ್ದಳು, ಗಾಳಿಗೆ ಮೂಗು ಕೆಂಪಗಾಗಿತ್ತು. ರೂಮಿಗೆ ಯಾಕೆ ಹೋಗಲಿಲ್ಲ ಎಂದರೆ, ಕೀಲಿ ನಿಮ್ಮ ಹತ್ತಿರ ಇತ್ತಲ್ಲ ಎಂದಳು. ನನಗೆ ನಗು ಬಂತು.

ಮೇ 16, ಶನಿವಾರ, ಶೆರಿಂಗಮ್

ರಾತ್ರಿ ನಿದ್ದೆ ಬಂತು, ಅದೇ ಆಶ್ಚರ್ಯ. ಬೆಳಿಗ್ಗೆ ತಿಂಡಿಯ ಹೊತ್ತಿಗೆ ಶಿವಬಸವ್ವನಿಗೆ ಹೇಳಿದೆ, ನೀನು ಆಗುವುದಿಲ್ಲ ಅನ್ನಬೇಡ, ನೀನೇ ಹೋಗು ಎಂದು. ಎಣ್ಣೆ ಹಚ್ಚುವುದು, ನೀರು ಹಾಕುವುದು, ಭಾರ ಎತ್ತುವುದು ನನ್ನ ಪಾಲು. ಯಜಮಾನಿಕೆ ನಿನ್ನದು. ಆದರೆ ಊರಿಗೆ ಹೋದ ಕೂಡಲೇ ಡಾಕ್ಟರ ಹತ್ತಿರ ಹೋಗಬೇಕು, ಮನೆಯಲ್ಲಿ ನೀನೇ ಹೇಳಬೇಕು, ನಾನು ಹೇಳುವುದಿಲ್ಲ. ಅವಳು ರೊಟ್ಟಿ ಮುರಿದು ಅರ್ಧ ನನ್ನ ತಟ್ಟೆಗೆ ಹಾಕಿದಳು. ಅದೇ ಒಪ್ಪಿಗೆ.

ಆಮೇಲೆ ಆಸ್ಟಿನ್ನಿಗೆ ಫೋನ್ ಮಾಡಿದೆ. ಏನು ಹೇಳಬೇಕೆಂದು ಮೊದಲೇ ಹಾಳೆಯ ಮೇಲೆ ಬರೆದಿಟ್ಟುಕೊಂಡಿದ್ದೆ.

"ಅನಘಾ, ನಿಮ್ಮತ್ತೆ ಬರೋದೇ ಸರಿ. ನಾನೂ ಬರ್ತೀನಿ, ಅವಳ ಕೈಕೆಳಗೆ ಕೆಲಸಕ್ಕೆ. ಅದೂ ನಿನಗೆ ಇಷ್ಟ ಇದ್ರೆ ಮಾತ್ರ."

"ವೇಟ್, ಡಿಡ್ ಯು ಜಸ್ಟ್ ಸೇ ಅವಳು?" ಎಂದಳು. ಹಾಗೆಲ್ಲ ಅಂದಿಲ್ಲ, ಲೈನ್ ಸರಿಯಿಲ್ಲ ಎಂದೆ. ಬಿಪಿ ಎಷ್ಟಿದೆ ಎಂದು ಕೇಳಿದೆ. ಹೇಳಿದಳು, ಕಡಿಮೆಯೇನೂ ಆಗಿಲ್ಲ. "ಸರಿ" ಎಂದೆ. ಅಷ್ಟೇ ಅಂದದ್ದು. ಫೋನಿಟ್ಟು ಮಂಚದ ಮೇಲೆ ಕೂತೆ, ಶಿವಬಸವ್ವ ನೀರು ಕೊಟ್ಟಳು. ಅದೂ ಅರ್ಧ ಚೆಲ್ಲಿತು.

ಯೋಚನೆ ಮಾಡಿ ಹೇಳುತ್ತಾಳಂತೆ. ಮಾಡಲಿ.

ಜೂನ್ 14, ಭಾನುವಾರ, ಪ್ಲೇನೋ

ಶಿವಬಸವ್ವ ಡಾಕ್ಟರಿಗೆ ತೋರಿಸಿದಳು. ದೊಡ್ಡ ಕಾಯಿಲೆಯಲ್ಲವಂತೆ, ಮಾತ್ರೆಯಲ್ಲಿ ಸ್ವಲ್ಪ ಹತೋಟಿಗೆ ಬರುವ ನಡುಕ. ಬೀಗರು ಯಾಕೆ ಮುಚ್ಚಿಟ್ಟೆ ಎಂದು ಬೈದು, ಮಾರನೆಯ ದಿನದಿಂದ ತಾವೇ ಚಹಾ ಮಾಡುತ್ತಿದ್ದಾರಂತೆ. ಹಾಳು ಚಹಾ, ಕುಡಿಯಲಾಗುವುದಿಲ್ಲ ಎಂದಳು.

ಆಸ್ಟಿನ್ನಿನಿಂದ ಇನ್ನೂ ಉತ್ತರವಿಲ್ಲ. ನಾನು ಕೇಳಿಲ್ಲ. ಕೇಳದಿರುವುದು ಇಷ್ಟು ಕಷ್ಟದ ಕೆಲಸವೆಂದು ಗೊತ್ತಿರಲಿಲ್ಲ.

ಜುಲೈ 5, ಭಾನುವಾರ

"ಇಬ್ಬರೂ ಬನ್ನಿ" ಎಂದಳು. ಕನ್ನಡದಲ್ಲೇ. ನಂಜುಂಡಸ್ವಾಮಿಯವರು ಎರಡು ತಿಂಗಳು ತಮಗೆ ಊಟಕ್ಕೇನು ಎಂದರು. ಹೋಗ್ಲಿ ಬಿಡಿ ಎಂದೆ.

ಆಗಸ್ಟ್ 27, ಗುರುವಾರ, ಆಸ್ಟಿನ್

ಬರೆಯಲು ಪುರುಸೊತ್ತಿಲ್ಲ. ಮೊಮ್ಮಗಳಿಗೆ ಇವತ್ತಿಗೆ ಹದಿನೆಂಟು ದಿನ. ಮೂಗು ಕ್ಲಿಯರ್ ಲೇಕಿನದು, ಹಟ ನಮ್ಮದು.

ಬೆಳಿಗ್ಗೆ ನಾನು ಕಾಲು ಚಾಚಿ ಕೂತು ಕೂಸನ್ನು ಮೊಣಕಾಲ ಮೇಲೆ ಹಾಕಿಕೊಂಡು ಎಣ್ಣೆ ಹಚ್ಚಿದೆ. ಶಿವಬಸವ್ವ ಎದುರು ಸ್ಟೂಲಿನ ಮೇಲೆ ಕೂತು, ನೀರು ಬಿಸಿಯಾಯಿತು, ತಣ್ಣಗಾಯಿತು, ಕಿವಿ ಹಿಂದೆ ಹಚ್ಚಲಿಲ್ಲ ಎಂದು ಯಜಮಾನಿಕೆ ನಡೆಸಿದಳು. ನನಗೆ ಎರಡು ಸಲ ಸಿಟ್ಟು ಬಂತು. ಒಂದು ಸಲ ಅವಳು ಹೇಳಿದ್ದೇ ಸರಿಯಾಗಿತ್ತು.

ಮಧ್ಯಾಹ್ನ ಮಗು ಹಾಲು ಹಿಡಿಯದೆ ಒಂದೇ ಸಮನೆ ಅತ್ತಿತು. ಅನಘಾಳೂ ಅಳುತ್ತಿದ್ದಳು, ಮೂರು ದಿನದಿಂದ ಸರಿಯಾಗಿ ನಿದ್ದೆಯಿಲ್ಲ. ನನಗೂ ಅಳು ಬಂತು. ನುಂಗಿಕೊಂಡು ಕೈ ಚಾಚಿದೆ. ಅವಳು ನನ್ನ ಮುಖವನ್ನು ಒಂದು ಗಳಿಗೆ ನೋಡಿದಳು. ಚಿಕ್ಕವಳಿದ್ದಾಗಿನಿಂದ ಹಾಗೆಯೇ ನೋಡುತ್ತಾಳೆ, ನಾನು ಅಳುತ್ತೇನೋ ಎಂದು. ಆಮೇಲೆ ಮಗುವನ್ನು ನನ್ನ ತೋಳಿಗೆ ಹಾಕಿ, ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಮಗು ಮುಕ್ಕಾಲು ಗಂಟೆ ಅತ್ತು ಮಲಗಿತು. ಅನಘಾ ನಾಲ್ಕು ಗಂಟೆ ಮಲಗಿದಳು. ನಡುವೆ ಒಂದು ಸಲವೂ ಬಾಗಿಲು ತೆಗೆದು ನಾನು ಹೇಗಿದ್ದೇನೆ ಎಂದು ನೋಡಲಿಲ್ಲ.